ಲ್ಯೂಸೀನಿಗೆ ಆರು ಕೋಡಾನ್, ಆದರೂ ಸಿಯುಜಿಯೇ ಏಕೆ?

ಪ್ರೋಟೀನಿನ ಸರಪಳಿಗೆ ಲ್ಯೂಸೀನ್ ಎಂಬ ಅಮೈನೋ ಆಮ್ಲವನ್ನು ಪೋಣಿಸಲು ಜೀವಕೋಶದ ಬಳಿ ಮೂರಕ್ಷರದ ಆರು ಸಂಕೇತಪದಗಳು, ಅಂದರೆ ಕೋಡಾನ್‌ಗಳಿವೆ. ಆರರಲ್ಲಿ ಯಾವುದನ್ನು ಬಳಸಿದರೂ ಸೇರುವುದು ಅದೇ ಲ್ಯೂಸೀನ್. ಹಾಗಿದ್ದೂ ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಅರ್ಧದಷ್ಟು ಸಲ ಸಿಯುಜಿಯನ್ನೇ ಬಳಸುತ್ತದೆ. ಸಿಯುಎ ಕಾಣಸಿಗುವುದೇ ಅಪರೂಪ. ಬ್ರೆಡ್ ಉಬ್ಬಿಸುವ ಯೀಸ್ಟಿನ ಒಲವು ಬೇರೆ, ಅದಕ್ಕೆ ಯುಯುಜಿ ಬೇಕು.

ಜಪಾನಿನ ತೋಶಿಮಿಚಿ ಇಕೆಮುರಾ 1981ರಲ್ಲಿ ಇದರ ಗುಟ್ಟು ತೋರಿಸಿಕೊಟ್ಟರು. ಕೋಡಾನನ್ನು ಗುರುತಿಸಿ, ತಕ್ಕ ಅಮೈನೋ ಆಮ್ಲವನ್ನು ಪ್ರೋಟೀನ್ ಹೆಣೆಯುವ ರೈಬೋಸೋಮಿಗೆ ಹೊತ್ತು ತರುವುದು ಟಿಆರ್‌ಎನ್‌ಎ. ಇ. ಕೋಲಿಯಲ್ಲಿ ಯಾವ ಟಿಆರ್‌ಎನ್‌ಎ ಹೇರಳವಾಗಿದೆಯೋ ಅದು ಓದುವ ಕೋಡಾನಿಗೇ ಬಳಕೆ ಹೆಚ್ಚು. ವಿರಳ ಕೋಡಾನ್ ಎದುರಾದರೆ ರೈಬೋಸೋಮ್ ಕಾದು ನಿಲ್ಲಬೇಕು. ಒಂದು ಸಲದ ಕಾಯುವಿಕೆ ಕ್ಷಣದ ಸಣ್ಣ ಪಾಲು, ನಿಜ. ಆದರೆ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಜೀವಿಗೆ ಸಾವಿರಾರು ರೈಬೋಸೋಮ್‌ಗಳು ಹೀಗೆ ತಡೆದು ನಿಲ್ಲುವುದು ದುಬಾರಿ. ಹಾಗಾಗಿಯೇ ರೈಬೋಸೋಮಿನ ಪ್ರೋಟೀನುಗಳಂತೆ ಸದಾ ರಾಶಿರಾಶಿಯಾಗಿ ತಯಾರಾಗಬೇಕಾದವುಗಳ ಜೀನ್‌ಗಳಲ್ಲಿ ಈ ಪಕ್ಷಪಾತ ತೀರಾ ಎದ್ದು ಕಾಣುತ್ತದೆ, ಅಪರೂಪಕ್ಕೆ ಕೆಲಸ ಮಾಡುವ ಜೀನ್‌ಗಳಲ್ಲಿ ಸಡಿಲವಾಗುತ್ತದೆ.

ಒಂದು ಕೋಡಾನ್ ಬದಲಾದರೆ ಸಿಗುವ ಲಾಭ ಅತ್ಯಲ್ಪ. ಜೀವಿಗಳ ಸಂಖ್ಯೆ ಅಪಾರವಾಗಿದ್ದಾಗ ಮಾತ್ರ ನೈಸರ್ಗಿಕ ಆಯ್ಕೆ ಅದನ್ನು ಹಿಡಿದಿಡಬಲ್ಲದು. ಸಂಖ್ಯೆ ಕಡಿಮೆಯಾದರೆ ಆಕಸ್ಮಿಕದ್ದೇ ಮೇಲುಗೈ. ಇದಲ್ಲದೆ ಡಿಎನ್‌ಎಯ ರೂಪಾಂತರಗಳಿಗೂ ತಮ್ಮದೇ ವಾಲುವಿಕೆ ಇದೆ. ಮಾರಕ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಜೀನೋಮಿನಲ್ಲಿ ಸುಮಾರು ಶೇಕಡ 80ರಷ್ಟು ಎ ಮತ್ತು ಟಿ ಅಕ್ಷರಗಳೇ. ಅದರ ಕೋಡಾನ್‌ಗಳೂ ಅತ್ತಲೇ ವಾಲಿವೆ.

ಇಷ್ಟೇ ಆಗಿದ್ದರೆ ವೇಗದ ಕೋಡಾನ್ ಒಳ್ಳೆಯದು, ನಿಧಾನದ್ದು ವಿಕಾಸ ಇನ್ನೂ ತಿದ್ದದ ದೋಷ ಎಂದುಬಿಡಬಹುದಿತ್ತು. ನನಗೆ ಈ ವಿಷಯ ನಿಜಕ್ಕೂ ರೋಚಕವೆನಿಸುವುದು ಇಲ್ಲಿಂದ ಮುಂದೆ. ಸಿನೆಕೊಕಾಕಸ್ ಎಂಬ ನೀಲಿಹಸಿರು ಬ್ಯಾಕ್ಟೀರಿಯಾಕ್ಕೆ ಹಗಲು-ರಾತ್ರಿಯ ಲಯ ಕಾಯುವ ಒಳಗಡಿಯಾರವಿದೆ. ಆ ಗಡಿಯಾರದ ಕೈಬಿ, ಕೈಸಿ ಜೀನ್‌ಗಳ ತುಂಬ ‘ಕಳಪೆ’ ಕೋಡಾನ್‌ಗಳು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ರೋಟೀನನ್ನು ಚೂರೂ ಬದಲಿಸದೆ ಅವುಗಳ ಜಾಗದಲ್ಲಿ ಮೆಚ್ಚಿನ ಕೋಡಾನ್‌ಗಳನ್ನು ಕೂರಿಸಿದರು. ತಂಪಿನಲ್ಲೂ ಗಡಿಯಾರ ಗಟ್ಟಿಯಾಗಿ ನಡೆಯಿತು. ಆದರೆ ಆ ತಂಪಿನಲ್ಲಿ ಚೆನ್ನಾಗಿ ಬೆಳೆದದ್ದು ತಿದ್ದಿದ ಕೋಶವಲ್ಲ, ಹಳೆಯ ಕೋಡಾನ್‌ಗಳನ್ನೇ ಇಟ್ಟುಕೊಂಡ ಕೋಶ. ಗಡಿಯಾರವನ್ನು ಸಂದರ್ಭಕ್ಕೆ ತಕ್ಕಂತೆ ಸಡಿಲ ಬಿಡುವುದರಲ್ಲೇ ಅದಕ್ಕೆ ಲಾಭವಿತ್ತು.