ಕಡಲ ಮುಂದೆ ಚಿತ್ರಶಾಲೆ, ನೆಲಮಾಳಿಗೆಗೆ ನುಗ್ಗಿದ ನೀರು!

ನೀರಿನ ಬುದ್ಧಿ ಎಂಥದ್ದು ಅಂತ ಮಾರಿಕುಪ್ಪಂ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿತ್ತು. ಆಮೇಲೆ ಪಂಪುಗಳೂ ನಿಂತವು. ಚಾಂಪಿಯನ್ ರೀಫಿನ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯೊಳಗೆ ನೀರು ತಾನೇ ತಾನಾಗಿ ಏರಿತು. ತಗ್ಗು ಸಿಕ್ಕರೆ ನೀರು ಬಿಟ್ಟೀತೇ?

ಇಷ್ಟು ಸಣ್ಣ ಲೆಕ್ಕ ದೊಡ್ಡ ದೊಡ್ಡವರಿಗೂ ತಪ್ಪುತ್ತದೆ. ಫ್ರಾನ್ಸಿನ ಕಡಲತೀರದಲ್ಲಿ ಮಾಂತೋನ್ ಅಂತ ಒಂದು ಪಟ್ಟಣ. ಕವಿ, ಸಿನಿಮಾ ನಿರ್ದೇಶಕ, ಚಿತ್ರಗಾರ ಎಲ್ಲವೂ ಆಗಿದ್ದ ಝಾಂ ಕಾಕ್ತೋಗೆ ಆ ಊರೆಂದರೆ ಪ್ರಾಣ. ನೀರಿನಂಚಿನ ಹಳೇ ಪುಟ್ಟ ಕೋಟೆಯೊಂದನ್ನು ತನ್ನ ಚಿತ್ರಗಳಿಗೆಂದೇ ಸಜ್ಜುಮಾಡಿಸಿದ. ಕಡಲ ಗುಂಡುಕಲ್ಲು ಜೋಡಿಸಿ ಚಿತ್ತಾರ ಮಾಡಿಸಿದ. 1963ರಲ್ಲಿ ತೀರಿಕೊಂಡ. ಕೋಟೆಯ ಬಾಗಿಲು ತೆರೆದದ್ದು 1966ರಲ್ಲಿ, ಪಾಪ, ಅವನು ನೋಡಲಿಲ್ಲ.

2011ರಲ್ಲಿ ಅದೇ ಊರಲ್ಲಿ ಅವನ ಹೆಸರಿಗೆ ಇನ್ನೊಂದು ಭಾರೀ ಕಟ್ಟಡ ಎದ್ದಿತು. ವಾಸ್ತುಶಿಲ್ಪಿ ರೂಡಿ ರಿಚೋಟ್ಟಿ. ಬಿಳೀ ಕಾಂಕ್ರೀಟಿನ ವಕ್ರ ಕಂಬಗಳು, ನಡುವೆ ಗಾಜು. ನೋಡೋಕೆ ಬಲು ಚೆಂದ. ಆದರೆ ಗೋಡೆಗೆ ತೂಗುಹಾಕದ ಚಿತ್ರಗಳನ್ನು ಇಟ್ಟದ್ದು ನೆಲಮಾಳಿಗೆಯಲ್ಲಿ. 2018ರ ಅಕ್ಟೋಬರ್ ಬಿರುಗಾಳಿಗೆ ಅಲೆ ರಸ್ತೆ ದಾಟಿ ಬಂತು, ನೀರು ಕೆಳಗಿಳಿಯಿತು. ಕಾಗದದ ಮೇಲಿನ ಚಿತ್ರಗಳು ಒದ್ದೆಯಾದವು. ಮ್ಯೂಸಿಯಂ ಬಾಗಿಲು ಹಾಕಿತು, ವರ್ಷಗಟ್ಟಲೆ ತೆಗೆಯಲಿಲ್ಲ.

ಇದು ನಮಗೇಕೆ, ಕೋಲಾರ ಜಿಲ್ಲೆಗೆ ಕಡಲೆಲ್ಲಿದೆ ಅಂತ ಕೇಳುವವರುಂಟು. ಕಡಲಿಲ್ಲ, ನಿಜ. ಒಬ್ಬನೇ ಕಲಾವಿದನ ಹೆಸರಿನ ಮನೆಯಂತೂ ಇಲ್ಲಿಂದ ದಿನಾ ಬೆಂಗಳೂರು ರೈಲು ಹತ್ತುವವರ ದಾರಿಯಲ್ಲೇ ಇದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ! ಬಸ್ಸಿನಲ್ಲಿ ಅದರ ಮುಂದೆಯೇ ಹಾದು ಹೋಗಿ ಒಳಗೆ ಕಾಲಿಡದವರೇ ಹೆಚ್ಚು. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರು ಅರಮನೆಯ ಚಿತ್ರಗಾರರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ವೀಣೆಯನ್ನೂ ನುಡಿಸುತ್ತಿದ್ದವರು. ಊಟಿ, ಕೊಡೈಕನಾಲಿನ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟರು. ಜಲವರ್ಣಕ್ಕೆ ಬಿಸಿಲೂ ಶತ್ರು, ತೇವವೂ ಶತ್ರು. ಬಣ್ಣ ಒಮ್ಮೆ ಮಾಸಿತೆಂದರೆ ಮತ್ತೆ ಬರುವುದಿಲ್ಲ.

ಆ ಕಟ್ಟಡವನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಸರ್ಕಾರ ಹೊರಟಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಒಪ್ಪಂದ ಮುಂದಕ್ಕೆ ಸಾಗಲಿಲ್ಲ.

ಅದೇ ಸೂರಿನಡಿ ಕೆ.ಕೆ. ಹೆಬ್ಬಾರರ ಚಿತ್ರಗಳಿಗೂ ಜಾಗ ಸಿಕ್ಕಿತು. ಅವರು ಉಡುಪಿ ಕಡೆಯ ಕಟ್ಟಿಂಗೇರಿಯವರು, ಕರಾವಳಿಯ ಮಗ. ಅಂಥವರಿಗೆ ನಾಳೆ ಯಾರಾದರೂ ಕಡಲ ಮುಂದೆ ಚಿತ್ರಶಾಲೆ ಕಟ್ಟುವುದಾದರೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಪ್ಪುಗಾಳಿಗೆ ಮೊಳೆಗೂ ತುಕ್ಕು, ಕಾಗದಕ್ಕೆ ಬೂಷ್ಟು. ಎದುರಿನ ಗಾಜಿನ ಚೆಂದ ಆಮೇಲೆ ನೋಡಿಕೊಳ್ಳಲಿ, ಚಿತ್ರದ ಉಗ್ರಾಣ ಮಹಡಿ ಮೇಲಿರಲಿ. ನಂಬಿಕೆ ಬಾರದಿದ್ದರೆ ನಕ್ಷೆ ಹಾಕುವವರು ಒಂದು ದಿನ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂಗೆ ಬಂದು, ಹಳೇ ಗಣಿ ಕೆಲಸಗಾರರನ್ನೇ ಕೇಳಲಿ.