ಬಾರ್ಕಾಲ್ಡಿನ್: ಮರ ಮತ್ತು ಅದರ ಹಿಂದಿನ ರೈಲು ನಿಲ್ದಾಣ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಳನಾಡಿನಲ್ಲಿ, ಇನಿಂಗೈ ಮೂಲನಿವಾಸಿಗಳ ನೆಲದಲ್ಲಿ ಬಾರ್ಕಾಲ್ಡಿನ್ ಎಂಬ ಊರಿದೆ. ಅಲ್ಲಿರುವವರು ಒಂದೂವರೆ ಸಾವಿರದಷ್ಟು ಜನ. ಇಷ್ಟು ಚಿಕ್ಕ ಊರು ದೇಶದ ಚರಿತ್ರೆಯಲ್ಲಿ ಜಾಗ ಪಡೆದದ್ದು ರೈಲು ನಿಲ್ದಾಣದೆದುರಿನ ಒಂದು ನೀಲಗಿರಿ ಜಾತಿಯ ಮರದಿಂದ. 1891ರಲ್ಲಿ ಮುಷ್ಕರ ಹೂಡಿದ, ಕುರಿಯ ಉಣ್ಣೆ ಕತ್ತರಿಸುವ ಕೆಲಸಗಾರರು ಈ ‘ಜ್ಞಾನವೃಕ್ಷ’ದ ಕೆಳಗೆ ಸೇರುತ್ತಿದ್ದರು, ಲೇಬರ್ ಪಕ್ಷ ಅಲ್ಲೇ ಹುಟ್ಟಿತೆಂದು ಊರು ಹೇಳಿಕೊಳ್ಳುತ್ತದೆ. ಆದರೆ ಈ ಊರಿನ ಗುಣ ತಿಳಿಯಬೇಕಾದರೆ ಮರಕ್ಕಿಂತ ಮೊದಲು ಅದರ ಹಿಂದಿನ ನಿಲ್ದಾಣವನ್ನು ನೋಡಬೇಕು ಎಂಬುದು ನನ್ನ ವಾದ.

ಕರಾವಳಿಯ ರಾಕ್‌ಹ್ಯಾಂಪ್ಟನ್‌ನಿಂದ ಹೊರಟ ಹಳಿ 1886ರಲ್ಲಿ ಇಲ್ಲಿಗೆ ಬಂತು. 1892ರಲ್ಲಿ ಲಾಂಗ್‌ರೀಚ್ ತಲುಪುವ ಮೊದಲು ಕೆಲವು ವರ್ಷ ಇಲ್ಲೇ ನಿಂತಿತ್ತು. ಹೀಗಾಗಿ ಸುತ್ತಲಿನ ಉಣ್ಣೆಯೆಲ್ಲ ಗಾಡಿಗಳಲ್ಲಿ ಈ ಕೊನೆಯ ನಿಲ್ದಾಣಕ್ಕೇ ಬರಬೇಕಿತ್ತು. ಮುಷ್ಕರ ಮುರಿಯಲು ಮಾಲೀಕರು ಕರೆಸಿದ ಕೆಲಸಗಾರರೂ, ಸರ್ಕಾರ ಕಳಿಸಿದ ಸೈನಿಕರೂ ಇಳಿಯುತ್ತಿದ್ದುದು ಇಲ್ಲೇ. ಮುಷ್ಕರಗಾರರು ಬಿಡಾರ ಹೂಡಲು ಇದಕ್ಕಿಂತ ಸರಿಯಾದ ಜಾಗ ಇರಲಿಲ್ಲ. ಇದರ ಜೊತೆಗೆ ನೀರು: 1887ರಲ್ಲಿ ಸುಮಾರು ಇನ್ನೂರು ಮೀಟರ್ ಆಳಕ್ಕೆ ಕೊರೆದ ಕೊಳವೆಬಾವಿಯಿಂದ, ಪಂಪಿನ ಹಂಗಿಲ್ಲದೆ, ನೀರು ತಾನಾಗಿ ಉಕ್ಕಿತು. ಆಸ್ಟ್ರೇಲಿಯಾದ ಐದನೇ ಒಂದು ಭಾಗದಷ್ಟು ನೆಲದಡಿ ಹರಡಿರುವ ಅಂತರ್ಜಲದ ಒತ್ತಡವೇ ಅದಕ್ಕೆ ಕಾರಣ. ಬರದ ಬಯಲಿನಲ್ಲಿ ನೂರಾರು ಜನ ತಿಂಗಳುಗಟ್ಟಲೆ ಪಟ್ಟು ಬಿಡದೆ ನಿಂತದ್ದು ಹಸಿವಿನ ಕಥೆಯಷ್ಟೇ ಅಲ್ಲ, ನೀರಿನ ಕಥೆಯೂ ಹೌದು. ಆ ನೀರಿನಿಂದಲೇ ಊರಿಗೆ ‘ಉದ್ಯಾನ ನಗರಿ’ ಎಂಬ ಹೆಸರು ಬಂತು; ಬೀದಿಗಳಿಗೆ ಇಟ್ಟಿರುವುದೂ ಓಕ್, ಆ್ಯಶ್ ಮುಂತಾದ ಮರಗಳ ಹೆಸರನ್ನೇ.

ಹಳಿ, ನೀರು ಇದ್ದ ಮಾತ್ರಕ್ಕೆ ಚಳವಳಿ ಹುಟ್ಟುತ್ತದೆಯೇ ಎಂದು ಕೇಳಬಹುದು. ಹುಟ್ಟುವುದಿಲ್ಲ, ಒಪ್ಪುತ್ತೇನೆ. ಮುಷ್ಕರ ಸೋತಿತು, ಮುಖಂಡರಿಗೆ ಮೂರು ವರ್ಷ ಸೆರೆಯಾಯಿತು. ಆದರೂ 1892ರಲ್ಲಿ ಇದೇ ಪ್ರದೇಶದ ಬಾರ್ಕೂ ಕ್ಷೇತ್ರದಿಂದ ಕಾರ್ಮಿಕರ ಅಭ್ಯರ್ಥಿ ಟಾಮಿ ರಯಾನ್ ಶಾಸಕರಾದರು. ಅದು ಜನರ ಛಲ. ಪಕ್ಷದ ಹುಟ್ಟೂರು ತಾನೆಂದು ಸಿಡ್ನಿಯ ಬಾಲ್ಮೇನ್ ಕೂಡ ಹೇಳುತ್ತದೆ; ಆ ಜಗಳ ತೀರಬೇಕಾದ ಅಗತ್ಯವೇನೂ ಇಲ್ಲ. ಹೆಚ್ಚು ಗಂಭೀರವಾದ ಆಕ್ಷೇಪ ಬೇರೆಯದು. ಬಿಳಿಯ ಕಾರ್ಮಿಕರ ನ್ಯಾಯಕ್ಕೆ ನಿಂತ ಆ ಚಳವಳಿ ಚೀನೀಯರನ್ನು ಹೊರಗಿಟ್ಟಿತು. ಮರವನ್ನು ಮಾತ್ರ ಪೂಜಿಸಿದರೆ ಈ ಅನ್ಯಾಯ ಅದರ ನೆರಳಲ್ಲೇ ಮರೆಯಾಗುತ್ತದೆ. 2006ರಲ್ಲಿ ಯಾರೋ ವಿಷ ಹಾಕಿ ಆ ಮರವನ್ನು ಕೊಂದರು. ಒಣಗಿದ ಕಾಂಡದ ಸುತ್ತ 2009ರಲ್ಲಿ ಸ್ಮಾರಕ ಎದ್ದಿದೆ. ಬ್ರಿಸ್ಬೇನ್‌ನಿಂದ ಲಾಂಗ್‌ರೀಚ್‌ಗೆ ಹೋಗುವ ರೈಲು ಇಂದಿಗೂ ಬಾರ್ಕಾಲ್ಡಿನ್‌ನಲ್ಲಿ ನಿಲ್ಲುತ್ತದೆ.