ಮಳೆಗಾಲದ ಮಬ್ಬು ಮತ್ತು ಮನಸ್ಸಿನ ಆರೋಗ್ಯ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ದಿನಗಟ್ಟಲೆ ಸೂರ್ಯದರ್ಶನವಿರುವುದಿಲ್ಲ. ನೆಲ, ಗೋಡೆ, ಒಗೆದ ಬಟ್ಟೆ ಎಲ್ಲವೂ ತೇವ. ಈ ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರು ಹೊಟ್ಟೆಯುಬ್ಬರ, ಕೀಲುನೋವು, ನಿದ್ರಾಭಂಗಗಳನ್ನು ಹೇಳಿಕೊಳ್ಳುತ್ತಾರೆ. ‘ಯಾವುದರಲ್ಲಿಯೂ ಮನಸ್ಸಿಲ್ಲ’ ಎಂಬ ಮಾತು ಮಾತ್ರ ನಾವಾಗಿ ಕೇಳಿದ ಮೇಲೆಯೇ ಹೊರಬರುತ್ತದೆ.

ಬಹಳ ವರ್ಷಗಳ ಹಿಂದೆ ಅಡಿಕೆ ಬೆಳೆಗಾರರೊಬ್ಬರು ಎರಡು ಮಳೆಗಾಲ ಅಜೀರ್ಣವೆಂದು ನನ್ನಲ್ಲಿಗೆ ಬಂದರು. ಜೀರ್ಣಶಕ್ತಿ ಹೆಚ್ಚಿಸುವ ಔಷಧಿ ಕೊಟ್ಟು ಕಳುಹಿಸಿದೆ. ಮೂರನೆಯ ವರ್ಷ ಜೊತೆಗೆ ಬಂದಿದ್ದ ಅವರ ಪತ್ನಿ, “ಡಾಕ್ಟ್ರೇ, ಮಳೆ ಹಿಡಿದರೆ ಇವರ ಮಾತೇ ನಿಂತುಹೋಗುತ್ತದೆ. ತೋಟಕ್ಕೂ ಇಳಿಯುವುದಿಲ್ಲ, ಮಕ್ಕಳನ್ನೂ ಮಾತಾಡಿಸುವುದಿಲ್ಲ. ದೀಪಾವಳಿ ಹೊತ್ತಿಗೆ ಮತ್ತೆ ಮೊದಲಿನಂತಾಗುತ್ತಾರೆ” ಎಂದರು. ಮನೆಯವರು ಅದನ್ನು ಸೋಮಾರಿತನವೆಂದು ಬಗೆದಿದ್ದರು. ನಾನಾದರೂ ಹೊಟ್ಟೆಯನ್ನಷ್ಟೇ ವಿಚಾರಿಸಿದ್ದೆ, ಮನಸ್ಸನ್ನು ವಿಚಾರಿಸಿರಲಿಲ್ಲ.

ಚರಕಸಂಹಿತೆ ಮತ್ತು ಅಷ್ಟಾಂಗಹೃದಯಗಳು ಋತುಚರ್ಯೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿವೆ. ಅವುಗಳ ಪ್ರಕಾರ ಗ್ರೀಷ್ಮದಲ್ಲಿ ಸಂಚಯಗೊಂಡ ವಾತವು ವರ್ಷಾಋತುವಿನಲ್ಲಿ ಪ್ರಕೋಪಗೊಳ್ಳುತ್ತದೆ; ಜಠರಾಗ್ನಿ ಮಂದವಾಗುತ್ತದೆ. ಮನಸ್ಸನ್ನು ನಿಯಮಿಸುವುದೂ ವಾತದ ಕಾರ್ಯವೇ. ಆದ್ದರಿಂದ ವಾತ ಕೆಟ್ಟಾಗ ನಿದ್ರೆ ಕೆಡುವುದು, ಚಿಂತೆ, ಭಯಗಳು ಹೆಚ್ಚುವುದು ಸಹಜ.

ಆಧುನಿಕ ವೈದ್ಯಶಾಸ್ತ್ರವೂ ಬೇರೊಂದು ಮಾರ್ಗದಿಂದ ಇದೇ ವಿಷಯಕ್ಕೆ ಬಂದಿದೆ. ಋತುಮಾನಕ್ಕೆ ಅನುಸಾರವಾಗಿ ಮರುಕಳಿಸುವ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ವಿವರಿಸಿದರು. ಅಲ್ಲಿ ಅದು ಮುಖ್ಯವಾಗಿ ಚಳಿಗಾಲದ ವ್ಯಾಧಿ. ಬೆಳಗಿನ ಬೆಳಕು ಕಣ್ಣಿನ ಮೂಲಕ ಮೆದುಳನ್ನು ತಲುಪಿ ನಿದ್ರೆ ಮತ್ತು ಎಚ್ಚರಗಳ ಗಡಿಯಾರವನ್ನು ಸರಿಹೊಂದಿಸುತ್ತದೆ. ಬೆಳಕು ಕುಗ್ಗಿದಾಗ ಈ ಲಯ ತಪ್ಪಬಹುದು.

ಋತು ಬದಲಾದಂತೆ ತೊಂದರೆಯ ಮುಖವೂ ಬದಲಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರುಗಳ ಕಡೆ ರಾತ್ರಿ ನಿದ್ರೆಯಿಲ್ಲದೆ ಸಿಡುಕು, ಕೋಪಗಳು ಹೆಚ್ಚುವುದನ್ನು ಅಲ್ಲಿಯವರೇ ಬಲ್ಲರು. ಇನ್ನು ರೈತನಿಗೆ ಮಳೆಯು ದೇಹಕ್ಕಷ್ಟೇ ತಟ್ಟುವುದಿಲ್ಲ. ಅಡಿಕೆಗೆ ಕೊಳೆರೋಗ ತಗಲುವುದು, ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡದಿರುವುದು, ಸಾಲದ ಕಂತು – ಇವೆಲ್ಲವೂ ಆ ಮಬ್ಬಿನೊಳಗೇ ಸೇರಿಕೊಳ್ಳುತ್ತವೆ.

ಮಳೆಗಾಲದಲ್ಲಿ ಪಾಲಿಸಬೇಕಾದ ಕೆಲವು ಕ್ರಮಗಳಿವೆ. ಹಳೆಯ ಅಕ್ಕಿಯ ಅನ್ನ, ಗೋಧಿ, ಹೆಸರುಬೇಳೆಯ ತಿಳಿಸಾರುಗಳನ್ನು ಬಿಸಿಯಾಗಿ, ಶುಂಠಿ, ಜೀರಿಗೆ, ಕಾಳುಮೆಣಸಿನೊಡನೆ ಹಿತಮಿತವಾಗಿ ಸೇವಿಸಬೇಕು. ಕುದಿಸಿದ ನೀರನ್ನೇ ಕುಡಿಯಬೇಕು. ಜ್ವರ, ಅಜೀರ್ಣಗಳಿಲ್ಲದ ದಿನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಭ್ಯಂಗ ಮಾಡಿಕೊಂಡು ಬಿಸಿನೀರಿನ ಸ್ನಾನ ಮಾಡಬೇಕು. ಗ್ರೀಷ್ಮದಲ್ಲಿ ಸಮ್ಮತವಾದ ಹಗಲುನಿದ್ರೆ ಈಗ ವರ್ಜ್ಯ. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ಬೆಳಿಗ್ಗೆ ಅರ್ಧ ಗಂಟೆಯಾದರೂ ಜಗಲಿಯಲ್ಲಿಯೋ ಅಂಗಳದಲ್ಲಿಯೋ ಇರಬೇಕು. ದಿನಕ್ಕೊಮ್ಮೆ ನೆರೆಹೊರೆಯವರೊಡನೆ ನಾಲ್ಕು ಮಾತನಾಡಬೇಕು.

ಆದರೆ ಪಥ್ಯವೊಂದೇ ಎಲ್ಲಕ್ಕೂ ಮದ್ದಲ್ಲ. ಎರಡು ವಾರ ಮೀರಿ ಬೇಸರ, ನಿರಾಸಕ್ತಿ ಮುಂದುವರಿದರೆ, ನಿದ್ರೆ ಮತ್ತು ಆಹಾರ ತಪ್ಪಿದರೆ ಮನೋವೈದ್ಯರನ್ನು ಕಾಣಲೇಬೇಕು. ‘ಬದುಕು ಸಾಕು’ ಎಂಬ ಮಾತು ಬಾಯಿಗೆ ಬಂದರಂತೂ ಒಂದು ದಿನವೂ ಕಾಯಬಾರದು, ಅವರನ್ನು ಒಂಟಿಯಾಗಿ ಬಿಡಬಾರದು. ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಹಗಲಿರುಳು ಲಭ್ಯವಿದೆ. ಈಗಾಗಲೇ ಮಾನಸಿಕ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುವವರು ಕಷಾಯವನ್ನು ನಂಬಿ ಅದನ್ನು ನಿಲ್ಲಿಸಬಾರದು.

ಆ ಬೆಳೆಗಾರರನ್ನು ನಾನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಚಿಕಿತ್ಸೆಯೊಡನೆ ಋತುಚರ್ಯೆಯನ್ನೂ ಪಾಲಿಸಿದರು. ಮುಂದಿನ ಆಷಾಢದಲ್ಲಿ ಕಂಬಳಿಕೊಪ್ಪೆ ಹೊದ್ದು ತೋಟಕ್ಕೆ ಇಳಿದರೆಂದು ಅವರ ಪತ್ನಿಯೇ ಬಂದು ತಿಳಿಸಿದರು. ಅಂದಿನಿಂದ ಮಳೆಗಾಲದಲ್ಲಿ ಯಾರೇ ಹೊಟ್ಟೆನೋವೆಂದು ಬಂದರೂ ನಾಡಿ ಹಿಡಿದು, “ಮನಸ್ಸು ಹೇಗಿದೆ?” ಎಂದೂ ಕೇಳುತ್ತೇನೆ. ಓದುಗ ಬಂಧುಗಳೂ ತಮ್ಮ ಮನೆಯಲ್ಲಿ ಮೌನವಾಗಿರುವವರನ್ನು ಈ ಮಳೆಗಾಲದಲ್ಲಿ ಹಾಗೆಯೇ ಒಮ್ಮೆ ಕೇಳಬೇಕೆಂದು ಕೋರುತ್ತೇನೆ.